ತೊಪ್ಪೂರು ಇಳಿಯುವ ಮುನ್ನ

ಬೆಂಗಳೂರಿನಿಂದ ಸೇಲಂ ಕಡೆ ಹೊರಟ ಕಾರಿನವರಿಗೆ ತೊಪ್ಪೂರು ಘಾಟಿ ಬಂದದ್ದೂ ಗೊತ್ತಾಗುವುದಿಲ್ಲ, ಕಳೆದದ್ದೂ ಗೊತ್ತಾಗುವುದಿಲ್ಲ. ಹೊಸೂರು, ಕೃಷ್ಣಗಿರಿ, ಧರ್ಮಪುರಿ ದಾಟಿ ಪಾಳಯಂ ಟೋಲ್ ಗೇಟಿನಲ್ಲಿ ಫಾಸ್ಟ್ಯಾಗ್‌ನಿಂದ ದುಡ್ಡು ಕಳೆದ ಮೇಲೆ ರಸ್ತೆ ಸದ್ದಿಲ್ಲದೆ ಕೆಳಮುಖವಾಗುತ್ತದೆ. ಎರಡೂ ಬದಿಗೆ ಕುರುಚಲು ಕಾಡಿನ ಗುಡ್ಡ, ನಡುವೆ ಡಿವೈಡರ್, ಹರವಾದ ಡಾಂಬರು. ಆಗುಂಬೆಯ ಹಾಗೆ ಹದಿನಾಲ್ಕು ತಿರುವು ಎಣಿಸಬೇಕಿಲ್ಲ, ಚಾರ್ಮಾಡಿಯ ಹಾಗೆ ಮಂಜಿನಲ್ಲಿ ಎದುರಿನ ಬಸ್ಸಿಗೆ ಹಾರ್ನ್ ಹೊಡೆಯುತ್ತಾ ನಿಲ್ಲಬೇಕಿಲ್ಲ. ಸುಮಾರು ಎಂಟು ಕಿಲೋಮೀಟರು. ಹಾಡೆರಡು ಮುಗಿಯುವಷ್ಟರಲ್ಲಿ ಘಾಟಿಯೂ ಮುಗಿದಿರುತ್ತದೆ.

ಅಪಾಯ ಇರುವುದೇ ಇಲ್ಲಿ. ಘಾಟಿಯಂತೆ ಕಾಣುವ ಘಾಟಿಯಲ್ಲಿ ಎಂಥವನಿಗೂ ತಾನಾಗಿ ಎಚ್ಚರ ಬರುತ್ತದೆ. ಶಿರಾಡಿಯಲ್ಲಿ ಹೊಸ ಚಾಲಕನೂ ಸ್ಟೀರಿಂಗನ್ನು ಎರಡು ಕೈಯಲ್ಲಿ ಹಿಡಿಯುತ್ತಾನೆ. ತೊಪ್ಪೂರು ಮಾತ್ರ ಹೆದ್ದಾರಿಯ ವೇಷದಲ್ಲಿರುವ ಘಾಟಿ. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 44, ನಮ್ಮ ಹಿರಿಯರು ಏಳನೇ ನಂಬರ್ ಹೆದ್ದಾರಿ ಎನ್ನುತ್ತಿದ್ದ ಅದೇ ರಸ್ತೆ, ಇಲ್ಲಿ ಬಾರಾಮಹಲಿನ, ಅಂದರೆ ಕೃಷ್ಣಗಿರಿ, ಧರ್ಮಪುರಿ ಸೀಮೆಯ, ಮಟ್ಟದಿಂದ ಸೇಲಂ ಬಯಲಿಗೆ ಜಾರುತ್ತದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೂ ಮೈಸೂರಿನದೇ ಆಗಿದ್ದ ಸೀಮೆ ಇದು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ, ಸೇಲಂ 300ರ ಆಸುಪಾಸಿನಲ್ಲಿದೆ. ಆ ಅಂತರವನ್ನು ಹೆದ್ದಾರಿ ಒಂದೇ ಸಮನೆ ಇಳಿಯುವುದಿಲ್ಲ, ಹಂತ ಹಂತವಾಗಿ ಇಳಿಯುತ್ತದೆ. ಸೇಲಂಗೆ ಮುಂಚಿನ ಕಡಿದಾದ ಹಂತ ತೊಪ್ಪೂರು. (ಏಮ್ಸ್ ಆಸ್ಪತ್ರೆಯ ಸುದ್ದಿಯಲ್ಲಿ ಬರುವ ತೊಪ್ಪೂರು ಮದುರೈ ಪಕ್ಕದ್ದು. ಇದು ಬೇರೆ.)

2020ರ ಡಿಸೆಂಬರ್ 12ರಂದು ಇಲ್ಲಿ ಸಿಮೆಂಟ್ ಹೇರಿಕೊಂಡು ಇಳಿಯುತ್ತಿದ್ದ ಲಾರಿಯೊಂದು ಹತೋಟಿ ತಪ್ಪಿ, ಮುಂದಿದ್ದ ಹತ್ತಕ್ಕೂ ಹೆಚ್ಚು ವಾಹನಗಳನ್ನು ಒಂದರ ಮೇಲೊಂದು ಒತ್ತಿಹಾಕಿತು. ನಾಲ್ವರು ಸತ್ತರು. 2024ರ ಜನವರಿ 24ರಂದು ಘಾಟಿಯ ಸೇತುವೆಯ ಮೇಲೆ ಲಾರಿಗಳು, ಕಾರುಗಳು ಸರಣಿಯಾಗಿ ಡಿಕ್ಕಿಯಾದವು. ಒಂದು ಲಾರಿ ಸೇತುವೆಯಿಂದ ಕೆಳಕ್ಕುರುಳಿತು, ಬೆಂಕಿ ಹತ್ತಿತು, ಮತ್ತೆ ನಾಲ್ವರು ಹೋದರು. ಆ ಸಿಸಿಟಿವಿ ದೃಶ್ಯ ನಮ್ಮೆಲ್ಲರ ಮೊಬೈಲಿಗೂ ಬಂದಿತ್ತು. ಇವೆರಡು ದೊಡ್ಡ ಸುದ್ದಿಯಾದವು. ಸುದ್ದಿಯಾಗದವು ಸ್ಥಳೀಯ ಪತ್ರಿಕೆಗಳ ಒಳಪುಟದಲ್ಲಿ ಆಗಾಗ ಬರುತ್ತಲೇ ಇರುತ್ತವೆ. ಪ್ರತಿ ವರದಿಯಲ್ಲೂ ಕಾರಣದ ಜಾಗದಲ್ಲಿ ಎರಡೇ ಪದ: ಬ್ರೇಕ್ ಫೇಲ್.

ಈ ಎರಡು ಪದಗಳ ಬಗ್ಗೆ ನನಗೆ ತಕರಾರಿದೆ. ಬ್ರೇಕ್ ಫೇಲ್ ಎಂದಾಗ ಯಾವುದೋ ಪೈಪು ಒಡೆದು, ಬೋಲ್ಟು ಕಳಚಿ, ಚಾಲಕನ ಕೈಮೀರಿ ಏನೋ ನಡೆದುಹೋಯಿತು ಅನ್ನಿಸುತ್ತದೆ. ಅಪರೂಪಕ್ಕೆ ಹಾಗಾಗುವುದೂ ಉಂಟು. ಆದರೆ ಉದ್ದನೆಯ ಇಳಿಜಾರಿನಲ್ಲಿ ಬ್ರೇಕು ಸಾಮಾನ್ಯವಾಗಿ ಮುರಿಯುವುದಿಲ್ಲ, ಕಾದು ಸೋಲುತ್ತದೆ. ಸೋಲುವಂತೆ ಮಾಡಿದ ತೀರ್ಮಾನ ಎರಡು ಮೂರು ಕಿಲೋಮೀಟರು ಹಿಂದೆ, ಮೇಲೆಯೇ, ಆಗಿರುತ್ತದೆ.

ಲೆಕ್ಕ ಹಾಕಿ ನೋಡೋಣ. ಸರಕೂ ಸೇರಿ 40 ಟನ್ ತೂಗುವ ಲಾರಿ 100 ಮೀಟರಿನಷ್ಟು ಎತ್ತರ ಇಳಿದರೆ ಸುಮಾರು 39 ದಶಲಕ್ಷ ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಮನೆಯ ಕರೆಂಟ್ ಮೀಟರಿನ ಭಾಷೆಯಲ್ಲಿ ಹೇಳುವುದಾದರೆ ಹತ್ತಿರ ಹತ್ತಿರ 11 ಯೂನಿಟ್. ಆರು ಬಕೆಟ್ ತಣ್ಣೀರನ್ನು ಕುದಿಸುವಷ್ಟು ಶಾಖ. ಲಾರಿಯ ವೇಗ ಏರದೆ ಇರಬೇಕಾದರೆ ಇಷ್ಟೂ ಶಾಖ ಎಲ್ಲಿಗಾದರೂ ಹೋಗಲೇಬೇಕು. ಗೇರ್ ಹಾಕಿದ್ದರೆ ಬಹುಪಾಲನ್ನು ಎಂಜಿನ್ ನುಂಗಿಕೊಳ್ಳುತ್ತದೆ. ನ್ಯೂಟ್ರಲ್‌ನಲ್ಲಿದ್ದರೆ ಎಲ್ಲವೂ ಚಕ್ರದೊಳಗಿನ ಬ್ರೇಕ್ ಲೈನಿಂಗ್, ಡ್ರಮ್ಮುಗಳ ಪಾಲು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಭಾರಿ ವಾಹನಗಳ ತೂಕದ ಮಿತಿಯನ್ನು ಏರಿಸಿತು. ಅತಿ ದೊಡ್ಡ ಟ್ರೇಲರಿನ ಒಟ್ಟು ತೂಕ 49ರಿಂದ 55 ಟನ್ನಿಗೆ ಹೋಯಿತು. ಇದು ಕಾನೂನುಬದ್ಧ ತೂಕ. ಓವರ್‌ಲೋಡ್ ಆದದ್ದು ಇದರ ಮೇಲೆ.

ಡ್ರಮ್ಮಿನೊಳಗೆ ನಡೆಯುವುದು ಇಷ್ಟು. ಲೈನಿಂಗ್ ಒಳಗಿನಿಂದ ಹೊರಕ್ಕೆ ಒತ್ತಿ ಡ್ರಮ್ಮನ್ನು ಹಿಡಿಯುತ್ತದೆ. ಕಾದ ಕಬ್ಬಿಣ ಹಿಗ್ಗುತ್ತದೆ, ಅಂದರೆ ಡ್ರಮ್ಮು ಲೈನಿಂಗ್‌ನಿಂದ ದೂರ ಸರಿಯುತ್ತದೆ. ಅದನ್ನು ಮುಟ್ಟಲು ಏರ್ ಬ್ರೇಕಿನ ರಾಡು ಇನ್ನಷ್ಟು ಹೊರಬರಬೇಕು; ಅದರ ಉದ್ದಕ್ಕೂ ಮಿತಿಯಿದೆ. ಲೈನಿಂಗ್ ಮೊದಲೇ ಸವೆದಿದ್ದರೆ, ಹೊಂದಾಣಿಕೆ ಸಡಿಲವಾಗಿದ್ದರೆ ಆ ಮಿತಿ ಬೇಗ ಬರುತ್ತದೆ. ಜೊತೆಗೆ ಲೈನಿಂಗಿನ ಅಂಟು ಪದಾರ್ಥ ಕಾದು ಮೇಲ್ಮೈ ನುಣುಪಾಗಿ ಹಿಡಿತ ಬಿಡುತ್ತದೆ. ಘಾಟು ವಾಸನೆ ಏಳುತ್ತದೆ, ಹಿಂದಿನ ಚಕ್ರದಿಂದ ಬಿಳಿ ಹೊಗೆ ಕಾಣುತ್ತದೆ. ಚಾಲಕನ ಕಾಲ ಕೆಳಗೆ ಪೆಡಲು ಇದೆ, ಒತ್ತಿದರೆ ಗಾಳಿಯ ಸದ್ದೂ ಬರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಆಗ ಅವನು ಗೇರು ನೆನೆಸಿಕೊಳ್ಳುತ್ತಾನೆ. ವೇಗ ಏರಿದ ಮೇಲೆ ಕೆಳಗಿನ ಗೇರು ಕೂರುವುದಿಲ್ಲ; ಇದ್ದ ಗೇರಿನಿಂದ ತೆಗೆದದ್ದಕ್ಕೆ ಲಾರಿ ಪೂರ್ತಿ ನ್ಯೂಟ್ರಲ್ ಆಗಿ ಇನ್ನೂ ಜೋರಾಗಿ ಓಡುತ್ತದೆ.

ಹಾಗಿದ್ದರೆ ನ್ಯೂಟ್ರಲ್ ಯಾಕೆ ಮಾಡುತ್ತಾರೆ? ಡೀಸೆಲ್ ಉಳಿಸಲು. ಉಳಿಸಿದ ಡೀಸೆಲ್ಲಿಗೆ ಬೆಲೆಯಿದೆ. ಮೈಲೇಜಿನ ಲೆಕ್ಕದಲ್ಲಿ ಕೈಗೆ ಸಿಗುವ ಕಾಸು ಚಾಲಕನ ಸಂಸಾರದ ಲೆಕ್ಕಕ್ಕೆ ಸೇರುತ್ತದೆ. ಅವನನ್ನು ಬೈದು ಕೈತೊಳೆದುಕೊಳ್ಳುವವರು ಬಾಡಿಗೆ ನಿಗದಿ ಮಾಡುವವರನ್ನೂ ಕೇಳಬೇಕು. ಬೇಸರದ ಸಂಗತಿಯೆಂದರೆ ಆ ಉಳಿತಾಯವೇ ಸುಳ್ಳು. ಗೇರಿನಲ್ಲಿದ್ದು ಆ್ಯಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ; ಇಂದಿನ ಎಲೆಕ್ಟ್ರಾನಿಕ್ ಎಂಜಿನ್ನುಗಳು ಆಗ ಇಂಧನ ಬಿಡುವುದನ್ನೇ ನಿಲ್ಲಿಸುತ್ತವೆ. ಹಳೆಯ ಪಂಪಿನ ಎಂಜಿನ್ನುಗಳಲ್ಲೂ ಗವರ್ನರ್ ಹೆಚ್ಚು ಕಡಿಮೆ ಇದೇ ಕೆಲಸ ಮಾಡುತ್ತಿತ್ತು. ನ್ಯೂಟ್ರಲ್ ಮಾಡಿದರೆ ಎಂಜಿನ್ ತನ್ನಷ್ಟಕ್ಕೆ ತಾನೇ ತಿರುಗಬೇಕಲ್ಲ, ಅದಕ್ಕೆ ಡೀಸೆಲ್ ಬೇಕು. ಸಮತಟ್ಟು ರಸ್ತೆಯಲ್ಲಿ ನ್ಯೂಟ್ರಲ್ ಗಾಡಿ ಇನ್ನಷ್ಟು ದೂರ ಉರುಳುತ್ತದೆ ಎಂಬುದು ನಿಜ. ಹೇಗೂ ಬ್ರೇಕ್ ಒತ್ತಲೇಬೇಕಾದ ತೊಪ್ಪೂರಿನಲ್ಲಿ ಆ ವಾದಕ್ಕೆ ಜಾಗವಿಲ್ಲ.

ಎಂಜಿನ್ನನ್ನೇ ಆಫ್ ಮಾಡಿ ಬಿಡುವವರೂ ಇದ್ದಾರೆ. ಅದು ಇನ್ನೂ ಕೆಟ್ಟದ್ದು. ಲಾರಿಯ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಎಂಜಿನ್ನಿನಿಂದ ನಡೆಯುವಂಥದ್ದು. ಎಂಜಿನ್ ನಿಂತರೆ ಟ್ಯಾಂಕಿನಲ್ಲಿದ್ದ ಗಾಳಿ ನಾಲ್ಕಾರು ಒತ್ತಿಗೆ ಇಳಿಯುತ್ತಾ ಹೋಗುತ್ತದೆ. ಪವರ್ ಸ್ಟೀರಿಂಗೂ ಕಲ್ಲಾಗುತ್ತದೆ. ಕಾರಿನಲ್ಲಿಯೂ ಅಷ್ಟೆ, ಬ್ರೇಕ್ ಪೆಡಲನ್ನು ಹಗುರಗೊಳಿಸುವ ನಿರ್ವಾತ ಎರಡು ಮೂರು ಸಲ ಒತ್ತುವಷ್ಟರಲ್ಲಿ ಮುಗಿಯುತ್ತದೆ. ಆಮೇಲೆ ಪೆಡಲಿನ ಮೇಲೆ ನಿಂತುಕೊಂಡಂತೆ ಒತ್ತಬೇಕು.

ನಾಮಕ್ಕಲ್, ಸಂಗಗಿರಿ ಕಡೆಯವರು ಲಾರಿಯಲ್ಲೇ ಬದುಕು ಕಟ್ಟಿಕೊಂಡವರು. ತಲೆಮಾರಿನಿಂದ ಈ ರಸ್ತೆ ಬಲ್ಲ ಚಾಲಕರು ಅಲ್ಲಿದ್ದಾರೆ. ಘಾಟಿ ಚಾಲಕರ ಹಳೆಯ ಸೂತ್ರ ಕನ್ನಡದಲ್ಲೂ ತಮಿಳಿನಲ್ಲೂ ಒಂದೇ: ಹತ್ತುವ ಗೇರಿನಲ್ಲೇ ಇಳಿ. ಇದಕ್ಕೊಂದು ತಿದ್ದುಪಡಿ ಬೇಕು. ಈಗಿನ ಲಾರಿಗಳ ಎಂಜಿನ್ನುಗಳು ಎಷ್ಟು ಬಲವಾಗಿವೆಯೆಂದರೆ ಹಳೆಯ ಲಾರಿ ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತಿದ್ದ ಏರನ್ನು ಇವು ಮೇಲಿನ ಗೇರಿನಲ್ಲೇ ಹತ್ತುತ್ತವೆ. ಆದ್ದರಿಂದ ಇಳಿಯುವಾಗ ಹತ್ತಿದ ಗೇರಿಗಿಂತ ಒಂದು ಕೆಳಗಿನದೇ ವಾಸಿ. ಎಂಜಿನ್ನಿನ ಹೊಗೆಯನ್ನು ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಇದ್ದರೆ ಮೊದಲೇ ಹಾಕಿಕೊಳ್ಳಬೇಕು. ಕಾಲುಬ್ರೇಕನ್ನು ಉದ್ದಕ್ಕೂ ಸವರುತ್ತಾ ಹೋಗಬಾರದು: ವೇಗ ಮಿತಿಗೆ ಬಂದಾಗ ಮೂರು ನಾಲ್ಕು ಸೆಕೆಂಡು ಗಟ್ಟಿಯಾಗಿ ಒತ್ತಿ ವೇಗವನ್ನು ಗಂಟೆಗೆ ಎಂಟು ಹತ್ತು ಕಿಲೋಮೀಟರು ತಗ್ಗಿಸಿ, ಪೂರ್ತಿ ಬಿಡಬೇಕು. ಬಿಟ್ಟ ಹೊತ್ತಿನಲ್ಲಿ ಡ್ರಮ್ಮು ಉಸಿರಾಡಿಕೊಳ್ಳುತ್ತದೆ.

ಇಲ್ಲಿ ಭಾರಿ ವಾಹನಗಳಿಗೆ ಗಂಟೆಗೆ 30 ಕಿಲೋಮೀಟರಿನ ಮಿತಿ. ಎಂಟು ಕಿಲೋಮೀಟರಿಗೆ ಹದಿನಾರು ನಿಮಿಷ. ಅರವತ್ತರಲ್ಲಿ ಹೋದರೆ ಎಂಟು ನಿಮಿಷ ಉಳಿಯುತ್ತದೆ, ನಿಲ್ಲಿಸಲು ಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ.

ಈ ಮಿತಿಯ ಫಲಕ ಹಾಕಿದರೆ ಸಾಕೇ ಎಂಬ ಪ್ರಶ್ನೆಗೆ ಸಂಚಾರ ಎಂಜಿನಿಯರುಗಳ ಬಳಿ ಹಳೆಯದೊಂದು ಉತ್ತರವಿದೆ, ಅದು ವೃತ್ತ. ಮೈಸೂರಿನ ಕೆ.ಆರ್. ವೃತ್ತವನ್ನು ನೋಡಿ. ಒಳಗಿರುವ ವಾಹನಕ್ಕೆ ಮೊದಲ ಹಕ್ಕು, ಒಳಹೋಗುವವನು ಕಾಯಬೇಕು. 1966ರಲ್ಲಿ ಬ್ರಿಟನ್ ಈ ನಿಯಮ ತಂದಿತು, ನಮ್ಮ 2017ರ ವಾಹನ ಚಾಲನಾ ನಿಯಮಾವಳಿಯೂ ಇದನ್ನೇ ಹೇಳುತ್ತದೆ. ಬಲಕ್ಕೆ ಹೋಗುವವನು ಒಳಗಿನ ಸಾಲು ಹಿಡಿಯಬೇಕು, ಹೊರಬೀಳುವ ಮುನ್ನ ಎಡ ಇಂಡಿಕೇಟರ್ ಹಾಕಬೇಕು, ಪಾದಚಾರಿ ದ್ವೀಪದ ಮೇಲೆ ಹಾಯದೆ ಸುತ್ತಲಿನ ರಸ್ತೆಗಳನ್ನೇ ದಾಟಬೇಕು, ಇದೆಲ್ಲ ಪುಸ್ತಕದಲ್ಲಿದೆ. ನಮ್ಮಲ್ಲಿ ಪಾಲಿಸುವವರು ಎಷ್ಟು ಎಂಬುದು ಎಲ್ಲರಿಗೂ ಗೊತ್ತು. ಆದರೂ ವೃತ್ತದಲ್ಲಿ ಭೀಕರ ಅಪಘಾತ ಕಡಿಮೆ. ಯಾಕೆಂದರೆ ನಡುವಿನ ದ್ವೀಪವನ್ನು ಎಂಬತ್ತರ ವೇಗದಲ್ಲಿ ಬಳಸಲು ಯಾರಿಂದಲೂ ಆಗದು. ಚಾಲಕ ಒಳ್ಳೆಯವನೋ ಕೆಟ್ಟವನೋ, ಒಳಹೋಗುವ ಮುನ್ನವೇ ರಸ್ತೆ ಅವನ ವೇಗವನ್ನು ಕಿತ್ತುಕೊಂಡಿರುತ್ತದೆ. ತಪ್ಪಿದರೆ ಬಂಪರ್ ಹೋಗುತ್ತದೆ, ಜೀವ ಉಳಿಯುತ್ತದೆ.

ತೊಪ್ಪೂರಿನಲ್ಲಿ ತದ್ವಿರುದ್ಧ, ಇಲ್ಲಿ ರಸ್ತೆ ವೇಗವನ್ನು ಕಿತ್ತುಕೊಳ್ಳುವುದಿಲ್ಲ. ಇಳಿಜಾರಿಗೆ ಮುಂಚೆ ಟೋಲ್ ಗೇಟು ಇದೆ. ಮೊದಲು ಅಲ್ಲಿ ಲಾರಿಗಳು ನಿಂತು, ಚಿಲ್ಲರೆ ಎಣಿಸಿ, ಮೊದಲ ಗೇರಿನಿಂದ ಮತ್ತೆ ಹೊರಡುತ್ತಿದ್ದವು. 2021ರ ಫೆಬ್ರುವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. ಈಗ ಉರುಳುತ್ತಲೇ ದಾಟಿಹೋಗಬಹುದು. ಕಾಯುವ ಕಾಟ ತಪ್ಪಿದ್ದು ಒಳ್ಳೆಯದೇ. ಅದೇ ಜಾಗದಲ್ಲಿ ಭಾರಿ ವಾಹನಗಳನ್ನು ಪಕ್ಕಕ್ಕೆ ಕರೆದು, ನಿಲ್ಲಿಸಿ, ಲೈನಿಂಗ್ ನೋಡಿ, ಗಾಳಿಯ ಒತ್ತಡ ನೋಡಿ, ಕೆಳಗಿನ ಗೇರಿನಲ್ಲೇ ಹೊರಡುವಂತೆ ಮಾಡುವ ಒಂದು ಕಡ್ಡಾಯ ತಂಗುದಾಣ ಇರಬೇಕಿತ್ತು. ಅಮೆರಿಕ, ಕೆನಡಾಗಳ ಬೆಟ್ಟದ ಹೆದ್ದಾರಿಗಳಲ್ಲಿ ಇಂಥ ತಪಾಸಣೆಯ ಜಾಗಗಳಿವೆ. ಇಳಿಜಾರಿನ ನಡುವೆ, ಹತೋಟಿ ತಪ್ಪಿದ ಲಾರಿ ನುಗ್ಗಿ ಹೂತುಕೊಳ್ಳಲಿ ಎಂದೇ ಸಡಿಲ ಜಲ್ಲಿ ತುಂಬಿದ ಏರುದಾರಿಗಳೂ ಇವೆ. ಘಾಟಿಯೊಳಗೆ ಎಷ್ಟು ಫಲಕ ನೆಟ್ಟರೂ, ಎಷ್ಟು ಪೊಲೀಸರನ್ನು ನಿಲ್ಲಿಸಿದರೂ ಅವೆಲ್ಲ ತೀರ್ಮಾನ ಆಗಿಹೋದ ಮೇಲಿನ ಮಾತು.

ಇನ್ನು ಕಾರಿನವರ ವಿಷಯ. ಡಿಸೆಂಬರ್, ಜನವರಿಯಲ್ಲಿ ಶಬರಿಮಲೆಗೆ, ರಜೆಯಲ್ಲಿ ಏರ್ಕಾಡಿಗೆ, ಕೊಡೈಕೆನಾಲಿಗೆ ಹೋಗುವ ಬೆಂಗಳೂರಿನ ಗಾಡಿಗಳು ಇಲ್ಲಿ ಸಾಲುಗಟ್ಟುತ್ತವೆ, ಹೆಚ್ಚಿನವು ರಾತ್ರಿ ಹೊರಟವು. ಕಾರಿನ ಬ್ರೇಕು ಈ ಎಂಟು ಕಿಲೋಮೀಟರಿಗೆ ಸುಲಭವಾಗಿ ಸೋಲುವುದಿಲ್ಲ. ಹಾಗೆಂದು ಬ್ರೇಕ್ ಆಯಿಲ್ ಬದಲಿಸಿ ಎಷ್ಟು ವರ್ಷವಾಯಿತು ಎಂಬುದನ್ನು ಮರೆಯಬಾರದು. ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿಯವರೆಗೂ ಕುದಿಯುವುದಿಲ್ಲ. ಗಾಳಿಯ ತೇವ ಹೀರಿಕೊಂಡ ಮೇಲೆ ಅದು 140 ಡಿಗ್ರಿಗೇ ಕುದಿಯಬಹುದು. ಕುದಿದರೆ ಪೈಪಿನಲ್ಲಿ ಗುಳ್ಳೆ, ಪೆಡಲು ನೆಲಕ್ಕೆ. ಆಟೊಮ್ಯಾಟಿಕ್ ಕಾರಿನವರು ಡಿ ಬಿಟ್ಟು ಕೆಳಗಿನ ಗೇರನ್ನು ಕೈಯಾರೆ ಹಾಕಿಕೊಳ್ಳಬೇಕು. ಎಲೆಕ್ಟ್ರಿಕ್ ಕಾರಿನವರಿಗೆ ಬೇರೆಯದೇ ತಮಾಷೆಯಿದೆ: ಘಾಟಿಯ ಮೇಲ್ಗಡೆಯೇ ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿಕೊಂಡರೆ, ಇಳಿಯುವಾಗ ಹುಟ್ಟುವ ಕರೆಂಟಿಗೆ ಒಳಗೆ ಜಾಗವಿರುವುದಿಲ್ಲ, ಮೋಟಾರಿನ ಬ್ರೇಕು ಕೈಕೊಡುತ್ತದೆ. ಸ್ವಲ್ಪ ಖಾಲಿ ಇಟ್ಟುಕೊಂಡು ಇಳಿಯಿರಿ.

ಕಾರಿನವರಿಗೆ ನಿಜವಾದ ಅಪಾಯ ಹಿಂದಿನಿಂದ ಬರುತ್ತದೆ. ಘಾಟಿಯಲ್ಲಿ ಮುಂದೆ ನೋಡಿದಷ್ಟೇ ಕನ್ನಡಿಯನ್ನೂ ನೋಡಬೇಕು. ಲೋಡು ಲಾರಿಯನ್ನು ಹಿಂದಿಕ್ಕಿದ ಮೇಲೆ ಅದರ ಮೂತಿಯ ಮುಂದೆಯೇ ಬ್ರೇಕ್ ಹಾಕಬಾರದು. ಹಿಂದಿಕ್ಕಿದರೆ ದೂರ ಹೋಗಬೇಕು, ಇಲ್ಲವೇ ಹಿಂದೆಯೇ ಇರಬೇಕು. ಎಡಗಡೆಯಿಂದ ನುಸುಳುವುದು ಬೇಡ. ಫೋಟೊ ತೆಗೆಯಲು, ಹೊಟ್ಟೆ ತೊಳಸಿದ ಮಗುವಿಗೆ ನೀರು ಕುಡಿಸಲು ಘಾಟಿಯ ನಡುವೆ ನಿಲ್ಲಿಸಬೇಡಿ. ಮೇಲೆ ಟೋಲ್ ದಾಟುವ ಮುನ್ನ ಅಥವಾ ಪೂರ್ತಿ ಕೆಳಗೆ ನಿಲ್ಲಿಸಿ.

ಮುಂದೆ ಏನೋ ಆಗಿ ವಾಹನಗಳು ನಿಂತಿವೆ ಎನ್ನಿ. ಸಾಲಿನ ಕೊನೆಯ ಗಾಡಿಯೇ ಎಲ್ಲರಿಗಿಂತ ಅಪಾಯದಲ್ಲಿರುವುದು. ದೂರದಿಂದಲೇ ಹಜಾರ್ಡ್ ಲೈಟ್ ಹಾಕಿ ನಿಧಾನಿಸಿ. ಮುಂದಿನ ಗಾಡಿಗೆ ಅಂಟಿಕೊಳ್ಳದೆ, ಎಡಕ್ಕೆ ತಿರುಗಿಸಿಕೊಂಡು ಹೊರಬೀಳುವಷ್ಟು ಜಾಗ ಬಿಟ್ಟು ನಿಲ್ಲಿ. ಗೇರು ಹಾಕಿರಲಿ, ಕಣ್ಣು ಕನ್ನಡಿಯಲ್ಲಿರಲಿ. ಏನಾಯಿತೆಂದು ನೋಡಲು ಇಳಿದು ಎರಡು ಗಾಡಿಗಳ ನಡುವೆ ನಿಲ್ಲುವ ನಮ್ಮ ಅಭ್ಯಾಸ ಬೇರೆಡೆ ಬರೀ ಕುತೂಹಲ, ಇಲ್ಲಿ ಪ್ರಾಣಕ್ಕೆ ಸಂಚಕಾರ. ನಿಮ್ಮದೇ ಗಾಡಿ ಕೆಟ್ಟು ನಿಂತರೆ ಎಲ್ಲರೂ ಎಡಬದಿಯಿಂದ ಇಳಿದು ತಡೆಬೇಲಿಯ ಆಚೆ, ಗಾಡಿಗಿಂತ ಮೇಲ್ಭಾಗದಲ್ಲಿ ನಿಲ್ಲಬೇಕು. ಗಾಡಿಯ ಕೆಳಭಾಗದಲ್ಲಿ ನಿಂತರೆ, ಹಿಂದಿನಿಂದ ಗುದ್ದಿದಾಗ ಅದು ನಿಮ್ಮ ಮೇಲೇ ಬರುತ್ತದೆ.

ಬೈಕಿನವರು ಕ್ಲಚ್ ಹಿಡಿದು ಇಳಿಯಬಾರದು, ಲಾರಿಯವನ ನ್ಯೂಟ್ರಲ್ಲಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಸ್ಕೂಟರಿನಲ್ಲಿ ಎಂಜಿನ್ ಹಿಡಿತ ಕಡಿಮೆ, ವೇಗ ತಗ್ಗಿದಾಗ ಅದರ ಕ್ಲಚ್ ತಾನಾಗಿಯೇ ಬಿಟ್ಟುಕೊಳ್ಳುತ್ತದೆ; ಹಾಗಾಗಿ ಮೊದಲಿನಿಂದಲೇ ನಿಧಾನ. ಸೈಕಲ್ಲಿನಲ್ಲಿ ದೂರಪಯಣ ಹೊರಡುವವರ ಸಂಖ್ಯೆ ಬೆಂಗಳೂರಿನಲ್ಲಿ ಹೆಚ್ಚಿದೆ, ಕನ್ಯಾಕುಮಾರಿಗೆ ಹೋಗುವವರಿಗೆ ಇದೇ ದಾರಿ. ರಿಮ್ ಹಿಡಿಯುವ ರಬ್ಬರಿನ ಬ್ರೇಕನ್ನು ಒಂದೇ ಸಮನೆ ಒತ್ತಿಹಿಡಿದರೆ ರಿಮ್ ಕಾದು ಟ್ಯೂಬು ಒಡೆಯಬಹುದು. ಹಿಂದಿನದು, ಮುಂದಿನದು ಎಂದು ಬದಲಿಸುತ್ತಾ ಬಿಟ್ಟು ಬಿಟ್ಟು ಹಿಡಿಯಬೇಕು, ಭಾರವನ್ನು ಸೀಟಿನ ಹಿಂದಕ್ಕೆ ತಳ್ಳಿ ಕೂರಬೇಕು. ಎಡದಂಚೇ ಕ್ಷೇಮ ಎಂದುಕೊಳ್ಳುವಂತಿಲ್ಲ, ದೀಪವಿಲ್ಲದೆ ಕೆಟ್ಟು ನಿಂತ ಲಾರಿಗಳು ಇರುವುದೂ ಅಲ್ಲೇ. ಹಗಲಲ್ಲೇ ಇಳಿಯುವುದು ಒಳ್ಳೆಯದು.

ನಡೆಯುವವರಿಗೆ ಲೆಕ್ಕವೇ ಬೇರೆ. ಸುತ್ತಲಿನ ಊರಿನವರು, ಪಳನಿಗೆ ಪಾದಯಾತ್ರೆ ಹೊರಟವರು ಹೆದ್ದಾರಿಯ ಅಂಚಿನಲ್ಲೇ ಹೋಗಬೇಕು. ಹತ್ತು ಮೀಟರಿನಷ್ಟು ಡಾಂಬರು ದಾಟಲು ಸಾಮಾನ್ಯ ನಡಿಗೆಗೆ ಒಂಬತ್ತು ಸೆಕೆಂಡು ಬೇಕು. ಅಷ್ಟರಲ್ಲಿ ಎಂಬತ್ತರ ವೇಗದ ಕಾರು ಇನ್ನೂರು ಮೀಟರು ಬಂದಿರುತ್ತದೆ. ತಿರುವಿನ ಬಳಿ ಇನ್ನೂರು ಮೀಟರು ಕಾಣುವುದೇ ಇಲ್ಲ, ಆದ್ದರಿಂದ ತಿರುವಿನಲ್ಲಿ ದಾಟಬಾರದು. ಇಳಿಯುವ ಬದಿಗಿಂತ, ಲಾರಿಗಳು ತೆವಳುತ್ತಾ ಹತ್ತುವ ಬದಿಯಲ್ಲಿ, ವಾಹನಗಳಿಗೆ ಎದುರು ಮುಖವಾಗಿ ನಡೆಯುವುದು ಲೇಸು. ಈ ಬುದ್ಧಿಮಾತಿಗೂ ಮಿತಿಯಿದೆ: ಹಾಲಿನ ಕ್ಯಾನು ಹೊತ್ತವನು ಅರ್ಧ ಕಿಲೋಮೀಟರು ಸುತ್ತಿ ದಾಟಲಿ ಎಂದು ನಿರೀಕ್ಷಿಸುವ ರಸ್ತೆಯನ್ನು ಅವನಿಗಾಗಿ ಕಟ್ಟಿಲ್ಲ.

ಘಾಟಿಯ ಅಪಘಾತಗಳಿಗೆ ಪರಿಹಾರವಾಗಿ ಸುಮಾರು ಆರೂವರೆ ಕಿಲೋಮೀಟರಿನ ಎತ್ತರಿಸಿದ ರಸ್ತೆಗೆ 2024ರಲ್ಲಿ ಒಪ್ಪಿಗೆ ಸಿಕ್ಕಿದೆ, ವೆಚ್ಚ 700 ಕೋಟಿ ರೂಪಾಯಿಗೂ ಮೇಲೆ. ತಿರುವು ಸಡಿಲವಾದರೆ, ಇಳಿಜಾರು ಹದವಾದರೆ ಅಪಘಾತ ಖಂಡಿತ ತಗ್ಗುತ್ತದೆ. ಆದರೆ ಮೇಲಿನ ಮಟ್ಟಕ್ಕೂ ಕೆಳಗಿನ ಮಟ್ಟಕ್ಕೂ ಇರುವ ಅಂತರವನ್ನು ಯಾವ ಸೇತುವೆಯೂ ಇಲ್ಲವಾಗಿಸದು. ರಸ್ತೆ ಇನ್ನಷ್ಟು ನುಣುಪಾದಾಗ ಆ ಇಳಿಜಾರು ಕಣ್ಣಿಗೆ ಇನ್ನಷ್ಟು ಕಡಿಮೆ ಬೀಳುತ್ತದೆಯೇ ಎಂಬ ಅನುಮಾನ ನನ್ನದು.

ಘಾಟಿ ಮುಗಿದು, ಮೇಟೂರು, ಭವಾನಿ ಕಡೆಯ ರಸ್ತೆ ಕವಲೊಡೆಯುವ ತೊಪ್ಪೂರಿನಲ್ಲಿ ಲಾರಿಗಳು ಚಹಾಕ್ಕೆ ನಿಲ್ಲುತ್ತವೆ. ಕಾದ ಡ್ರಮ್ಮಿಗೆ ಕ್ಲೀನರ್ ನೀರೆರಚಬಾರದು, ಎರಕದ ಕಬ್ಬಿಣ ಸೀಳುತ್ತದೆ. ಸುಡುವ ಡ್ರಮ್ಮಿನ ಮೇಲೆ ಹ್ಯಾಂಡ್ ಬ್ರೇಕ್ ಎಳೆದಿಟ್ಟರೆ ಆರುವಾಗ ಅದು ಕುಗ್ಗಿ ಲೈನಿಂಗಿಗೆ ಕಚ್ಚಿಕೊಳ್ಳಬಹುದು. ಸಮತಟ್ಟು ಜಾಗ ನೋಡಿ, ಗೇರು ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಇಪ್ಪತ್ತು ನಿಮಿಷ ಹಾಗೆಯೇ ಬಿಡಬೇಕು. ಹೊರಡುವಾಗ ಆ ಕಲ್ಲನ್ನು ತೆಗೆದು ಚರಂಡಿಯ ಆಚೆ ಎಸೆಯಬೇಕು. ರಸ್ತೆಯಲ್ಲೇ ಬಿಟ್ಟುಹೋದ ಕಲ್ಲಿಗೆ ರಾತ್ರಿ ಸಿಕ್ಕಿಕೊಳ್ಳುವವನು ಮೊಪೆಡ್ಡಿನಲ್ಲಿ ಮನೆಗೆ ಹೋಗುವ ಅದೇ ಊರಿನವನು.